ದೊಡ್ಡಮ್ಮ, ಪುಟ್ಟಿ ಹೋಗುವುದು ಆ ಆರ್ಲಿಂಗ್ಟನ್‌ಗೆ ಅಲ್ಲ

ದೊಡ್ಡಮ್ಮ, ನಮಸ್ಕಾರ. ಈಗಷ್ಟೇ ಗ್ರೂಪ್ ನೋಡಿದೆ. "ಟಿವಿಯಲ್ಲಿ ತೋರಿಸಿದರು, ಆರ್ಲಿಂಗ್ಟನ್ ಅಂದರೆ ಕಣ್ಣಿಗೆ ಕಾಣುವಷ್ಟು ದೂರವೂ ಸೈನಿಕರ ಸಮಾಧಿ. ನಮ್ಮ ಪುಟ್ಟಿಗೆ ಓದಲು ಅಂಥ ಊರೇ ಸಿಗಬೇಕಿತ್ತಾ?" ಅಂತ ಕೇಳಿದ್ದೀರಿ. ರಾತ್ರಿ ನಿದ್ದೆಯೂ ಬರಲಿಲ್ಲ ಅಂತ ಬರೆದಿದ್ದೀರಿ. ಅದನ್ನು ಓದಿ ಸುಮ್ನೆ ಇರಲು ಆಗಲಿಲ್ಲ. ಇದು ಸ್ವಲ್ಪ ಉದ್ದ ಆಗುತ್ತದೆ, ಕಾಫಿ ಲೋಟ ಹಿಡಿದು ಕೂತು ಕೇಳಿ.

ಮೊದಲು ಮುಖ್ಯವಾದ ಮಾತು. ನೀವು ಟಿವಿಯಲ್ಲಿ ನೋಡಿದ್ದು ವರ್ಜೀನಿಯಾ ರಾಜ್ಯದ ಆರ್ಲಿಂಗ್ಟನ್. ವಾಷಿಂಗ್ಟನ್ ನಗರದಿಂದ ಪೊಟೊಮ್ಯಾಕ್ ನದಿ ದಾಟಿದರೆ ಸಿಗುತ್ತದೆ, ನಮ್ಮ ಮನೆಗೆ ಹತ್ತಿರ. ಪುಟ್ಟಿ ಹೋಗುವುದು ಟೆಕ್ಸಾಸ್ ರಾಜ್ಯದ ಆರ್ಲಿಂಗ್ಟನ್‌ಗೆ. ಅದು ಡಲ್ಲಾಸ್ ಮತ್ತು ಫೋರ್ಟ್ ವರ್ತ್ ಅನ್ನುವ ಎರಡು ದೊಡ್ಡ ಊರುಗಳ ನಡುವೆ ಇದೆ. ಈ ಎರಡು ಆರ್ಲಿಂಗ್ಟನ್‌ಗಳ ನಡುವೆ ರಸ್ತೆಯಲ್ಲಿ 2,000 ಕಿಲೋಮೀಟರ್‌ಗಿಂತ ಜಾಸ್ತಿ. ಬೆಂಗಳೂರಿನಿಂದ ದೆಹಲಿಗೆ ಹೋದ ಹಾಗೆ.

ಇನ್ನು ಭಾವ ಹಾಕಿದ ಫೋಟೋ, ಮನೆ ಮುಂದೆ ಮೊಣಕಾಲುದ್ದ ಹಿಮ ಬಿದ್ದಿರುವುದು, ಅದು ಮೂರನೆಯ ಆರ್ಲಿಂಗ್ಟನ್. ಬಾಸ್ಟನ್ ಪಕ್ಕದ್ದು, ಮಸಾಚುಸೆಟ್ಸ್ ರಾಜ್ಯ. ಪುಟ್ಟಿಗೆ ಅಷ್ಟು ದಪ್ಪನೆಯ ಕೋಟು ಈಗಲೇ ಕೊಳ್ಳಬೇಡಿ. ಟೆಕ್ಸಾಸ್‌ನಲ್ಲಿ ಬೇಸಿಗೆಯ ಬಿಸಿಲಿಗೇ ಜಾಸ್ತಿ ಹೆದರಬೇಕು.

ನಮ್ಮ ಕಡೆ ಹೊಸಹಳ್ಳಿ ಅಂದರೆ "ಯಾವ ಹೊಸಹಳ್ಳಿ, ಯಾವ ತಾಲೂಕು" ಅಂತ ಕೇಳಿಯೇ ಮುಂದೆ ಮಾತಾಡುತ್ತೇವೆ, ಅಲ್ವಾ? ಇಲ್ಲೂ ಹಾಗೇ. ಆದರೆ ಹೊಸಹಳ್ಳಿ ಎಲ್ಲಾದರೂ ಹುಟ್ಟಿಕೊಳ್ಳುವ ಹೆಸರು. ಈ ಮೂರು ಆರ್ಲಿಂಗ್ಟನ್‌ಗಳಿಗೆ ಹೆಸರು ಬಂದದ್ದು ಒಂದೇ ಒಂದು ಮನೆಯಿಂದ. ಆ ಮನೆಯ ಕಥೆ ನಿಮಗೆ ಹೇಳಲೇಬೇಕು ಅಂತ ನನಗೆ ಬಹಳ ದಿನದ ಆಸೆ.

ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಸಾಕಿ ಬೆಳೆಸಿದ ಮೊಮ್ಮಗ ಒಬ್ಬ ಇದ್ದ, ಕಸ್ಟಿಸ್ ಅಂತ. ವಾಷಿಂಗ್ಟನ್ನರ ಹೆಂಡತಿಯ ಮೊದಲ ಮದುವೆಯ ಮಗನ ಮಗ. ಅವನು 1802ರಲ್ಲಿ ಗುಡ್ಡದ ಮೇಲೆ ಮನೆ ಕಟ್ಟಿಸಲು ಶುರುಮಾಡಿದ. ಮುಗಿದದ್ದು 1818ರಲ್ಲಿ. ಕಟ್ಟಿದವರು ಗುಲಾಮರು. ತನ್ನ ಮನೆತನದ ಹಳೆಯ ಜಮೀನಿನ ಹೆಸರು ಆರ್ಲಿಂಗ್ಟನ್ ಅಂತ ಇತ್ತು, ಅದನ್ನೇ ಈ ಮನೆಗೂ ಇಟ್ಟ. ದೂರದಿಂದ ನೋಡಿದರೆ ಮುಂದಿನ ಎಂಟು ದಪ್ಪ ಕಂಬಗಳು ಅಮೃತಶಿಲೆಯವು ಅನಿಸುತ್ತವೆ. ಹತ್ತಿರ ಹೋಗಿ ಕೈಯಿಟ್ಟರೆ ಗಾರೆ. ಶಿಲೆಯ ಗೆರೆಗಳನ್ನು ಬಣ್ಣದಲ್ಲಿ ಬರೆದಿದ್ದಾರೆ.

ಅವನ ಮಗಳು ಮೇರಿ, ಅಳಿಯ ರಾಬರ್ಟ್ ಇ. ಲೀ ಅನ್ನುವ ಸೈನ್ಯಾಧಿಕಾರಿ. 1831ರಲ್ಲಿ ಅದೇ ಮನೆಯಲ್ಲಿ ಮದುವೆ ಆಯಿತು. 1861ರಲ್ಲಿ ಉತ್ತರ ಮತ್ತು ದಕ್ಷಿಣದ ರಾಜ್ಯಗಳ ನಡುವೆ ಯುದ್ಧ ಹತ್ತಿಕೊಂಡಾಗ ಲೀ ದಕ್ಷಿಣದ ಕಡೆ ಹೋದ, ಗುಲಾಮಗಿರಿ ಉಳಿಯಲಿ ಅನ್ನುವವರ ಕಡೆ. ಮನೆ ಬಿಟ್ಟು ಹೊರಡುವಾಗ ಮೇರಿ ಬೀಗದ ಕೈಗಳನ್ನು ಕೊಟ್ಟದ್ದು ಯಾರಿಗೆ ಗೊತ್ತಾ ದೊಡ್ಡಮ್ಮ? ಸೆಲೀನಾ ಗ್ರೇ ಅನ್ನುವ ಗುಲಾಮ ಹೆಂಗಸಿಗೆ. ಉತ್ತರದ ಸೈನಿಕರು ಬಂದು ಮನೆಯಲ್ಲಿದ್ದ ವಾಷಿಂಗ್ಟನ್ನರ ಕಾಲದ ವಸ್ತುಗಳನ್ನು ಎತ್ತಿಕೊಂಡು ಹೋಗಲು ಶುರುಮಾಡಿದಾಗ, ಆಕೆ ಹೋಗಿ ಅವರ ಜನರಲ್‌ಗೇ ಹೇಳಿ ಉಳಿಸಿದಳು. ಇವತ್ತು ಆ ವಸ್ತುಗಳು ಇವೆ ಅಂದರೆ ಅದು ಆಕೆಯಿಂದ. ಆಕೆ ಇದ್ದ ಜಾಗ ದೊಡ್ಡ ಮನೆಯ ಹಿಂದೆ ಈಗಲೂ ಇದೆ. ಒಂದೇ ಕೋಣೆ. ಗಂಡ, ಹೆಂಡತಿ, ಎಂಟು ಮಕ್ಕಳು. ನಾನು ಆ ಬಾಗಿಲಲ್ಲಿ ನಿಂತಾಗ ತುಂಬಾ ಹೊತ್ತು ಮಾತೇ ಹೊರಡಲಿಲ್ಲ. ಅಲ್ಲಿಗೆ ಬರುವವರು ಕಂಬದ ಮುಂದೆ ಫೋಟೋ ತೆಗೆಸಿಕೊಂಡು ಹೋಗಿಬಿಡುತ್ತಾರೆ. ನೀವು ಬಂದರೆ ಮೊದಲು ಆ ಕೋಣೆಗೇ ಕರೆದುಕೊಂಡು ಹೋಗುತ್ತೇನೆ.

ಆಮೇಲೆ ಸರ್ಕಾರ ಆ ಜಮೀನಿನ ಮೇಲೆ 92 ಡಾಲರ್ 7 ಸೆಂಟ್ ತೆರಿಗೆ ಹಾಕಿತು. ಖುದ್ದಾಗಿ ಬಂದು ಕಟ್ಟಬೇಕು ಅಂದಿತು. ಮೇರಿಗೆ ಆರೋಗ್ಯ ಸರಿಯಿರಲಿಲ್ಲ, ಬಂಧುವಿನ ಕೈಯಲ್ಲಿ ದುಡ್ಡು ಕಳಿಸಿದಳು. ಅಧಿಕಾರಿಗಳು ತಗೊಳ್ಳಲಿಲ್ಲ. 1864ರಲ್ಲಿ ಜಮೀನನ್ನು ಹರಾಜು ಹಾಕಿ ಸರ್ಕಾರವೇ ಕೊಂಡಿತು. ಅದೇ ವರ್ಷ ಮೇ ತಿಂಗಳಿಂದ ಅಲ್ಲಿ ಸೈನಿಕರನ್ನು ಹೂಳಲು ಶುರುಮಾಡಿದರು. ಕೆಲವು ಸಮಾಧಿಗಳನ್ನು ಬೇಕೆಂದೇ ಮೇರಿಯ ಹೂದೋಟದ ಅಂಚಿಗೆ ಮಾಡಿದರು, ಲೀ ಕುಟುಂಬ ಮತ್ತೆ ಬಂದು ಅಲ್ಲಿ ಬಾಳುವ ಹಾಗಿರಬಾರದು ಅಂತ. ಲೀಯ ಮಗ ಮೊಕದ್ದಮೆ ಹೂಡಿ 1882ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದ. ಆದರೆ ಅಷ್ಟೊಂದು ಸಮಾಧಿ ಆಗಿಹೋದ ಜಾಗದಲ್ಲಿ ಸಂಸಾರ ಮಾಡುವುದು ಹೇಗೆ? ಮುಂದಿನ ವರ್ಷ ಒಂದೂವರೆ ಲಕ್ಷ ಡಾಲರ್ ತಗೊಂಡು ಸರ್ಕಾರಕ್ಕೇ ಬಿಟ್ಟುಕೊಟ್ಟ. ನೀವು ಟಿವಿಯಲ್ಲಿ ನೋಡಿದ್ದು ಅದೇ ಜಾಗ.

ಈಗ ಹೆಸರಿನ ವಿಷಯ ನೋಡಿ. ಬಾಸ್ಟನ್ ಪಕ್ಕದ ಊರಿಗೆ ಮೊದಲು ವೆಸ್ಟ್ ಕೇಂಬ್ರಿಜ್ ಅಂತ ಹೆಸರಿತ್ತು. 1867ರಲ್ಲಿ ಅವರು ಆರ್ಲಿಂಗ್ಟನ್ ಅಂತ ಬದಲಾಯಿಸಿದರು, ಆ ಸಮಾಧಿಗಳಲ್ಲಿ ಮಲಗಿರುವ ಉತ್ತರದ ಸೈನಿಕರ ನೆನಪಿಗೆ. ಹತ್ತು ವರ್ಷ ಕಳೆದು, 1877ರಲ್ಲಿ, ಟೆಕ್ಸಾಸ್‌ನಲ್ಲಿ ರೈಲು ದಾರಿಯ ಪಕ್ಕ ಎದ್ದ ಹೊಸ ಊರಿಗೂ ಅದೇ ಹೆಸರು ಬಿತ್ತು. ಅದು ಲೀಯ ಮನೆಯ ನೆನಪಿಗೆ. ಒಂದು ಊರು ಸತ್ತ ಸೈನಿಕರಿಗಾಗಿ, ಇನ್ನೊಂದು ಊರು ಅವರ ಎದುರು ಯುದ್ಧ ಮಾಡಿದವನಿಗಾಗಿ, ಹೆಸರು ಮಾತ್ರ ಒಂದೇ. ಇದು ಗೊತ್ತಾದ ಮೇಲೆ ಆ ಹೆಸರನ್ನು ಬರೀ ವಿಳಾಸ ಅಂತ ಓದಲು ನನಗೆ ಆಗುವುದಿಲ್ಲ.

ಇನ್ನೂ ಇವೆ. ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ಆರ್ಲಿಂಗ್ಟನ್ ಅನ್ನುವ ಹಳೆಯ ಮನೆ ಮ್ಯೂಸಿಯಂ ಆಗಿದೆ. ವರ್ಮಾಂಟ್‌ನ ಆರ್ಲಿಂಗ್ಟನ್ 1761ರದ್ದು, ಕಸ್ಟಿಸ್ ಹುಟ್ಟುವ ಮೊದಲೇ ಇತ್ತು, ಅದಕ್ಕೂ ಈ ಕಥೆಗೂ ಸಂಬಂಧ ಇಲ್ಲ. ಷಿಕಾಗೋ ಹತ್ತಿರ ಆರ್ಲಿಂಗ್ಟನ್ ಹೈಟ್ಸ್ ಊರಿದೆ. ಪುಟ್ಟಿ ಸ್ವಲ್ಪ ಹುಷಾರಾಗಿರಬೇಕಾದದ್ದು ಒಂದೇ: ಫೋರ್ಟ್ ವರ್ತ್‌ನಲ್ಲೂ ಆರ್ಲಿಂಗ್ಟನ್ ಹೈಟ್ಸ್ ಅನ್ನುವ ಬಡಾವಣೆ ಇದೆ. ಬಾಡಿಗೆ ಮನೆ ಹುಡುಕುವಾಗ ಆ ಹೆಸರು ಕಂಡರೆ ಕಾಲೇಜಿನ ಪಕ್ಕ ಅಂದುಕೊಳ್ಳಬಾರದು. ಅದು ಬೇರೆ ಊರಿನ ಆ ಕೊನೆ. ಆರ್ಲಿಂಗ್ಟನ್‌ನಲ್ಲಿ ಸಿಟಿ ಬಸ್ಸು ಇಲ್ಲ ಅನ್ನುವಷ್ಟು ಕಡಿಮೆ, ಹಾಗಾಗಿ ಮನೆ ಹತ್ತಿರವೇ ಸಿಗುವುದು ಮುಖ್ಯ.

ನಾವು ಈ ವರ್ಜೀನಿಯಾದ ಆರ್ಲಿಂಗ್ಟನ್‌ಗೆ ಹೊಸದಾಗಿ ಬಂದಾಗ ಅಮ್ಮ ಚಟ್ನಿಪುಡಿ, ಹುಳಿಪುಡಿ, ಹಪ್ಪಳ ಕಟ್ಟಿ ಕಳಿಸಿದ್ದರು. ಕೊರಿಯರ್‌ನವರು ಚೀಟಿಯ ಮೇಲೆ ಆರ್ಲಿಂಗ್ಟನ್ ಅಂತ ಬರೆದು ರಾಜ್ಯ ಬಿಟ್ಟಿದ್ದರು, ಪಿನ್ ನಂಬರಿನಲ್ಲೂ ತಪ್ಪು. ಡಬ್ಬ ಟೆಕ್ಸಾಸ್‌ಗೆ ಹೋಗಿ, ಅಲ್ಲಿ ಸುತ್ತಾಡಿ, ಮೂರು ವಾರ ಬಿಟ್ಟು ನಮಗೆ ಸಿಕ್ಕಿತು. ಹಪ್ಪಳ ಪುಡಿಪುಡಿ. ಅಮ್ಮನ ಕೈಬರಹದ ಚೀಟಿ ಎಣ್ಣೆಯಲ್ಲಿ ನೆಂದುಹೋಗಿತ್ತು, ಅದಕ್ಕೇ ನನಗೆ ಅಳು ಬಂದದ್ದು.

ಕೊನೆಗೆ ನಿಮಗೆ ಹೇಳಲೇಬೇಕಾದದ್ದು. ಕಲ್ಪನಾ ಚಾವ್ಲಾ ನೆನಪಿದೆಯಲ್ಲ? ನಮ್ಮ ಕರ್ನಾಟಕ ಸರ್ಕಾರ ಆಕೆಯ ಹೆಸರಲ್ಲಿ ಯುವ ಮಹಿಳಾ ವಿಜ್ಞಾನಿಗಳಿಗೆ ಪ್ರಶಸ್ತಿಯನ್ನೂ ಶುರುಮಾಡಿತ್ತು. ಕರ್ನಾಲ್‌ನಿಂದ ಬಂದ ಆ ಹುಡುಗಿ ಎಂಜಿನಿಯರಿಂಗ್‌ನಲ್ಲಿ ಮಾಸ್ಟರ್ಸ್ ಮಾಡಿದ್ದು 1984ರಲ್ಲಿ, ಪುಟ್ಟಿಗೆ ಸೀಟು ಸಿಕ್ಕಿರುವ ಇದೇ ಟೆಕ್ಸಾಸ್ ಆರ್ಲಿಂಗ್ಟನ್ ವಿಶ್ವವಿದ್ಯಾಲಯದಲ್ಲಿ. ಅಲ್ಲಿ ಆಕೆಯ ಹೆಸರಿನ ಹಾಸ್ಟೆಲ್ ಕಟ್ಟಡವೇ ಇದೆ. 2003ರ ಫೆಬ್ರವರಿ 1ರಂದು ಕೊಲಂಬಿಯಾ ನೌಕೆ ಒಡೆದುಹೋಯಿತು. ಆಕೆಯೂ ಸೇರಿ ಅದರಲ್ಲಿದ್ದ ಏಳೂ ಜನರ ಸ್ಮಾರಕ ಇರುವುದು ವರ್ಜೀನಿಯಾದಲ್ಲಿ, ನೀವು ಟಿವಿಯಲ್ಲಿ ನೋಡಿದ ಅದೇ ಜಾಗದಲ್ಲಿ. ಒಂದು ಆರ್ಲಿಂಗ್ಟನ್‌ನಲ್ಲಿ ಓದಿದ ಹುಡುಗಿಯ ಹೆಸರು ಇನ್ನೊಂದರಲ್ಲಿ ಕಲ್ಲಿನ ಮೇಲಿದೆ. ನಾನು ಅಲ್ಲಿಗೆ ಹೋದಾಗಲೆಲ್ಲ ಆ ಹೆಸರಿನ ಮುಂದೆ ಒಂದು ಹೂ ಇಟ್ಟು ಬರುತ್ತೇನೆ.

ಪುಟ್ಟಿಯ ಹಾಸ್ಟೆಲ್ ವಿಳಾಸ ಬಂದ ಕೂಡಲೇ ಇಲ್ಲಿ ಹಾಕಿ. ಟೆಕ್ಸಾಸ್ ಅಂತ ಇದೆಯಾ, ಪಿನ್ 760ರಿಂದ ಶುರುವಾಗುತ್ತದಾ ಅಂತ ನಾನೇ ನೋಡುತ್ತೇನೆ. ನಮ್ಮದು 222. ಆಮೇಲೆ ಡಬ್ಬ ಕಟ್ಟಿ. ಹಪ್ಪಳವನ್ನು ಮಾತ್ರ ಸ್ಟೀಲ್ ಡಬ್ಬಿಯಲ್ಲೇ ಹಾಕಿ ದೊಡ್ಡಮ್ಮ.