ಪೆಸ್ ಮೇಲಾ, ಫಿಫಾ ಮೇಲಾ? ಹಾಸ್ಟೆಲ್ ಗ್ರೂಪಿನಲ್ಲಿ ಒಂದು ಫಾರ್ವರ್ಡು

ನವೀನ ಒಂದು ಚಿತ್ರ ಫಾರ್ವರ್ಡ್ ಮಾಡಿದ್ದಾನೆ. ಎರಡು ಫುಟ್‌ಬಾಲ್ ವಿಡಿಯೊ ಗೇಮ್‌ಗಳ ಹೋಲಿಕೆ: ಎಡಕ್ಕೆ ಕೊನಾಮಿ ಕಂಪನಿಯ ಇ-ಫುಟ್‌ಬಾಲ್ (ಹಿಂದಿನ ಹೆಸರು ಪೆಸ್), ಬಲಕ್ಕೆ ಇಎ ಕಂಪನಿಯ ಇಎ ಎಫ್‌ಸಿ (ಹಿಂದಿನ ಹೆಸರು ಫಿಫಾ). ಬೆಲೆ, ಆಟದ ಗುಣ, ಲೈಸೆನ್ಸ್ (ಅಸಲಿ ಕ್ಲಬ್ಬುಗಳ ಹೆಸರು, ಅಂಗಿ ಬಳಸುವ ಹಕ್ಕು), ಆಫ್‌ಲೈನ್, ಮೋಸ ಅಂತ ಐದು ಸಾಲು. ಲೈಸೆನ್ಸ್ ಒಂದು ಬಿಟ್ಟು ಉಳಿದ ನಾಲ್ಕರಲ್ಲೂ ಇ-ಫುಟ್‌ಬಾಲ್ ಕಡೆಗೆ ಹಸಿರು ಟಿಕ್.

ನವೀನ: ನೋಡ್ರಪ್ಪ. ಪುಕ್ಕಟೆ ಸಿಗೋ ಆಟ ನಾಲ್ಕು–ಒಂದರಲ್ಲಿ ಗೆದ್ದಿದೆ. ಎಫ್‌ಸಿಗೆ ಪ್ರತಿ ವರ್ಷ ದುಡ್ಡು ಯಾಕೆ ಸುರೀತೀರಿ?

ಶ್ವೇತಾ: ಆಫ್‌ಲೈನ್ ಸಾಲಿಗೆ ಟಿಕ್ ಹಾಕಿರೋನು ಆ ಆಟ ತೆರೆದೇ ನೋಡಿಲ್ಲ ಕಣೋ. 2021ರ ಸೆಪ್ಟೆಂಬರ್ 30ಕ್ಕೆ ಇ-ಫುಟ್‌ಬಾಲ್ ಬಂದಾಗ ಇದ್ದದ್ದು ಒಂಬತ್ತೇ ಕ್ಲಬ್ಬು: ಬಾರ್ಸಿಲೋನಾ, ಬಯರ್ನ್, ಯುವೆಂಟಸ್, ಮ್ಯಾಂಚೆಸ್ಟರ್ ಯುನೈಟೆಡ್, ಆರ್ಸೆನಲ್, ಕೊರಿಂಥಿಯನ್ಸ್, ಫ್ಲಮೆಂಗೊ, ಸಾವೊ ಪಾಲೊ, ರಿವರ್ ಪ್ಲೇಟ್. ಒಂದು ಕ್ಲಬ್ಬನ್ನ ವರ್ಷಗಟ್ಟಲೆ ನಡೆಸೋ ಮಾಸ್ಟರ್ ಲೀಗ್ ಮೋಡ್ ಇರಲೇ ಇಲ್ಲ. ಸರಿಯಾದ 1.0 ಆವೃತ್ತಿ ಬಂದದ್ದು 2022ರ ಏಪ್ರಿಲ್‌ನಲ್ಲಿ. ಸೋಫಾ ಮೇಲೆ ಇಬ್ಬರು ಕೂತು ಬೇಕಾದ ತಂಡ ತಗೊಂಡು ಆಡ್ಬೇಕು ಅಂದ್ರೆ ಎಫ್‌ಸಿ ಎಲ್ಲೋ ಮುಂದಿದೆ.

ರಘು: ಆ ಸಾಲಿನ ಮಟ್ಟಿಗೆ ಶ್ವೇತಾ ಹೇಳಿದ್ದು ನಿಜ. ಆದ್ರೆ ಇ-ಫುಟ್‌ಬಾಲ್ ಮುಂದಿಟ್ಕೊಂಡು ಕೊನಾಮಿಯನ್ನ ಅಳೆಯೋದು ಅನ್ಯಾಯ. ಎಫ್‌ಸಿ ಎದುರು ನಿಲ್ಲಿಸ್ಬೇಕಾದ್ದು ಅದಕ್ಕೂ ಮುಂಚಿನ ಪೆಸ್ 2021ನ. ಅದರಲ್ಲಿ ಚೆಂಡೇ ಬೇರೆ, ಆಟಗಾರನೇ ಬೇರೆ. ಬೆನ್ನು ತಿರುಗಿಸಿ ನಿಂತ ಮಿಡ್‌ಫೀಲ್ಡರ್ ಕೈಲಿ ಒಂದೇ ಟಚ್‌ನಲ್ಲಿ ಹಿಂದಕ್ಕೆ ಪಾಸ್ ಕೊಡಿಸು, ಚೆಂಡು ಅರ್ಧ ದಾರಿಯಲ್ಲೇ ಸೋತು ಎದುರಾಳಿ ಕಾಲಿಗೆ ಹೋಗುತ್ತೆ. ಎಡಗಾಲು ದುರ್ಬಲ ಇರೋನು ಎಡಕ್ಕೆ ಬಂದು ಹೊಡೆದ್ರೆ ಶಾಟ್ ತೊಳಲಾಡುತ್ತೆ. ಅದೇ ಪಾಸನ್ನ ಎಫ್‌ಸಿಯಲ್ಲಿ ಕೊಡು, ದಾರ ಕಟ್ಟಿ ಎಳೆದ ಹಾಗೆ ಹೋಗಿ ಸೇರುತ್ತೆ.

ಶ್ವೇತಾ: ದಾರ ಕಟ್ಟಿರೋದು ಆಟ ಅಲ್ಲ, ಸೆಟ್ಟಿಂಗು. ಕಂಟ್ರೋಲರ್ ಸೆಟ್ಟಿಂಗ್ಸ್‌ನಲ್ಲಿ ಗ್ರೌಂಡ್ ಪಾಸ್, ಥ್ರೂ ಪಾಸ್, ಶಾಟ್ ಎಲ್ಲ ‘ಅಸಿಸ್ಟೆಡ್’ ಅಂತಲೇ ಬಂದಿರುತ್ತೆ, ಅಂದ್ರೆ ಗುರಿಯನ್ನ ಆಟವೇ ತಿದ್ದುತ್ತೆ. ಎಷ್ಟೋ ಜನ ಅದನ್ನ ಮುಟ್ಟೋದೇ ಇಲ್ಲ. ಗ್ರೌಂಡ್ ಪಾಸನ್ನ ‘ಸೆಮಿ’ಗೆ, ಅಂದ್ರೆ ಅರ್ಧ ಸಹಾಯಕ್ಕೆ ಇಳಿಸು, ಥ್ರೂ ಪಾಸನ್ನೂ ಸೆಮಿ. ಮೊದಲ ನಾಲ್ಕೈದು ಮ್ಯಾಚ್ ಪಾಸ್ ಎಲ್ಲೆಲ್ಲೋ ಹೋಗುತ್ತೆ, ಯಾಕಂದ್ರೆ ಬಟನ್ ಎಷ್ಟು ಹೊತ್ತು ಒತ್ತಬೇಕು ಅನ್ನೋದು ಇಷ್ಟು ದಿನ ಬೆರಳಿಗೆ ಗೊತ್ತೇ ಇರಲಿಲ್ಲ. ಅದಾದ ಮೇಲೆ ಹೋಲಿಕೆ ಮಾಡು.

ರಘು: ಸೆಮಿ ಹಾಕಿದ್ರೂ ಚೆಂಡಿನ ವೇಗ ಹಾಗೇ ಇರುತ್ತಲ್ಲ.

ಶ್ವೇತಾ: ಅದಕ್ಕೇ ಸೆಟ್ಟಿಂಗ್ಸ್‌ನಲ್ಲಿ ಎಳೆದು ಹೆಚ್ಚು ಕಮ್ಮಿ ಮಾಡೋ ಸ್ಲೈಡರ್ ಇರೋದು. ಎಲ್ಲವೂ 0ಯಿಂದ 100, ಮೊದಲಿಗೆ 50ರಲ್ಲಿರುತ್ತೆ. ಯೂಸರ್‌ಗೊಂದು, ಸಿಪಿಯುಗೊಂದು, ಎರಡನ್ನೂ ಬದಲಾಯಿಸ್ಬೇಕು, ಮರೆತ್ರೆ ಕಂಪ್ಯೂಟರ್ ಮಾತ್ರ ಹಳೇ ಆಟ ಆಡುತ್ತೆ. ಗೇಮ್ ಸ್ಪೀಡ್ ‘ಸ್ಲೋ’. ಪಾಸ್ ಸ್ಪೀಡ್ 42ರ ಸುತ್ತ, ಪಾಸ್ ಎರರ್ 60, ಫಸ್ಟ್ ಟಚ್ ಎರರ್ 60, ಸ್ಪ್ರಿಂಟ್ 48. ಹಾಫ್ 10 ನಿಮಿಷ. ಎಲ್ಲವನ್ನೂ ಒಂದೇ ಸಲ ಎಳೀಬೇಡ. ಒಂದನ್ನ ಮೂರೋ ಐದೋ ಅಂಕ ಸರಿಸು, ಎರಡು ಮ್ಯಾಚ್ ಆಡು, ಆಮೇಲೆ ಮುಂದಿನದು. ಪಾಸ್ ಎರರ್ 70 ದಾಟಿಸಿದ್ರೆ ದೊಡ್ಡ ಕ್ಲಬ್ಬಿನ ಡಿಫೆಂಡರೂ ಐದು ಮೀಟರ್ ಪಾಸ್ ತಪ್ಪಿಸ್ತಾನೆ, ಅದು ನೋಡೋಕೇ ಬೇಜಾರು.

ಬಸು: ಶ್ವೇತಾ, ನೀ ಹೇಳೂದು ಕಂಪ್ಯೂಟರ್ ಎದುರು ಕ್ಲಬ್ ನಡೆಸೂ ಕರಿಯರ್ ಮೋಡ್‌ಗೆ ಸರಿ. ಆನ್‌ಲೈನ್‌ನ್ಯಾಗ ಈ ಸ್ಲೈಡರ್ ಒಂದೂ ನಡೆಯೂದಿಲ್ಲ. ಆಟಗಾರರ ಕಾರ್ಡ್ ಕೂಡಿಸಿ ತಂಡ ಕಟ್ಟೂ ಅಲ್ಟಿಮೇಟ್ ಟೀಮ್ ಆಡಾವರು ಕಂಪನಿ ಕೊಟ್ಟಿದ್ದನ್ನ ತಗೋಬೇಕು. ನೀ ಸೆಮಿ ಇಟ್ಕೊಂಡು ಹೋದಿ ಅಂದ್ರ ಎದುರಿನಾಂವ ಅಸಿಸ್ಟೆಡ್ ಇಟ್ಕೊಂಡು ಬಂದಿರ್ತಾನ. ಅಂದ್ರ ಒಂದೇ ಡಬ್ಬ್ಯಾಗ ಎರಡು ಆಟ ಅದಾವು. ಎಫ್‌ಸಿ 26ರಾಗ ಅವರೇ ಆನ್‌ಲೈನ್‌ಗೆ ‘ಕಾಂಪಿಟಿಟಿವ್’, ಕರಿಯರ್‌ಗೆ ‘ಅಥೆಂಟಿಕ್’ ಅಂತ ಎರಡು ಭಾಗ ಮಾಡ್ಯಾರ. ಈ ಚಿತ್ರದಾಗ ಅದರ ಸುದ್ದಿನೇ ಇಲ್ಲ.

ಶ್ವೇತಾ: ಹೌದು ಬಸು, ಅದೇ ನನ್ನ ತಕರಾರು. ‘ಆಟದ ಗುಣ’ ಅಂತ ಒಂದೇ ಸಾಲು ಬರೆದ್ರೆ ಯಾವ ಮೋಡ್‌ದು ಅಂತ ಹೇಳ್ಬೇಕಲ್ವಾ?

ನವೀನ: ಸರಿ, ಬೆಲೆ ಸಾಲಾದ್ರೂ ಒಪ್ಕೊಳ್ಳಿ. ಒಂದು ಪುಕ್ಕಟೆ, ಒಂದಕ್ಕೆ ದುಡ್ಡು.

ಬಸು: ಪುಕ್ಕಟೆ ಅನ್ನೂದು ಒಳಗ ಹೋಗೂ ತನಕ ಅಷ್ಟ. ಎರಡರಾಗೂ ಆಟಗಾರರ ಕಾರ್ಡ್ ಅದೃಷ್ಟದ ಮ್ಯಾಲೆ ಸಿಗ್ತಾವು. ಫಿಫಾದಾಗ ಇದು ಫಿಫಾ 09ರಿಂದ ಐತಿ. ಕಾರ್ಡಿನ ಪ್ಯಾಕ್ ಕೊಳ್ಳೂ ಮುಂಚೆ ಕೆಳಗ ಸಂಭವನೀಯತೆ ನೋಡು, ದೊಡ್ಡ ಕಾರ್ಡಿಗೆ 1%ಕ್ಕಿಂತ ಕಡಿಮಿ ಅಂತ ಅವರೇ ಬರ್ದಿರ್ತಾರ. ಬೆಲ್ಜಿಯಂನಾಗ ಇದನ್ನ ಜೂಜು ಅಂದ್ರು, 2019ರ ಜನವರಿಯಿಂದ ಅಲ್ಲಿ ಪ್ಯಾಕ್ ಕೊಳ್ಳಾಕ ಬೇಕಾದ ಫಿಫಾ ಪಾಯಿಂಟ್ಸ್ ಮಾರೂದು ನಿಂತಿತು. ಆದ್ರ ಒಂದು ಫರಕ್ ಐತಿ. ಎಫ್‌ಸಿ ಒಳಗ ಈ ವರ್ಷ ಕಟ್ಟಿದ ತಂಡ ಮುಂದಿನ ವರ್ಷದ ಆಟಕ್ಕ ಬರೂದಿಲ್ಲ, ಮತ್ತ ಸೊನ್ನೆಯಿಂದ ಸುರು. ಇ-ಫುಟ್‌ಬಾಲ್ ಒಂದೇ ಆಟ, ಅದಕ್ಕ ಅಪ್‌ಡೇಟ್ ಬರ್ತಾವು, ತಂಡ ಉಳೀತದ. ಆ ಟಿಕ್ ಬೆಲೆಗಲ್ಲ, ಇದಕ್ಕ ಹಾಕಿದ್ರ ನಾನೂ ಒಪ್ತಿದ್ದೆ.

ರಘು: ಕೊನೇ ಸಾಲಿಗೆ ಬನ್ನಿ. ‘ಮೋಸ.’ 85ನೇ ನಿಮಿಷ ಆದ್ಮೇಲೆ ಎಫ್‌ಸಿಯಲ್ಲಿ ಆಟಗಾರರ ಕಾಲೇ ಏಳಲ್ಲ, ಗೋಲು ಬಂದೇ ಬರುತ್ತೆ. ಇದು ಬರೆದಿಟ್ಟ ಸ್ಕ್ರಿಪ್ಟ್ ಅಲ್ಲದೆ ಇನ್ನೇನು?

ಶ್ವೇತಾ: ಇದೇ ಆರೋಪದ ಮೇಲೆ 2020ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮೂವರು ಇಎ ವಿರುದ್ಧ ಕೇಸ್ ಹಾಕಿದ್ರು. ಆಟದ ಕಷ್ಟವನ್ನ ತಾನಾಗಿ ಏರಿಸಿ ಇಳಿಸೋ ತಂತ್ರಕ್ಕೆ ಕಂಪನಿ ಪೇಟೆಂಟ್ ಪಡೆದಿತ್ತು, ಅದೇ ಆಧಾರ. ಅಲ್ಟಿಮೇಟ್ ಟೀಮ್‌ನಲ್ಲಿ ಅದನ್ನ ಬಳಸಿಲ್ಲ ಅಂತ ಕಂಪನಿ ತಾಂತ್ರಿಕ ಮಾಹಿತಿ ತೋರಿಸಿತು, 2021ರಲ್ಲಿ ಕೇಸ್ ಹಾಕಿದವರೇ ವಾಪಸ್ ತಗೊಂಡ್ರು. ಕಾಲು ಏಳಲ್ಲ ಅನ್ನೋದಕ್ಕೆ ಸ್ಟ್ಯಾಮಿನಾ ಪಟ್ಟಿ ನೋಡು. ಮೊದಲ ನಿಮಿಷದಿಂದ ಸ್ಪ್ರಿಂಟ್ ಬಟನ್ ಬಿಡದೆ ಓಡಿಸಿದ್ರೆ ಫುಲ್‌ಬ್ಯಾಕ್ 70ಕ್ಕೇ ಸುಸ್ತು. ಇನ್ನೊಂದು, ಕಂಟ್ರೋಲರ್‌ನ ಆರ್1 ಬಟನ್ ಒತ್ತಿ ಹಿಡಿದು ಎರಡನೇ ಡಿಫೆಂಡರನ್ನ ಚೆಂಡಿನ ಮೇಲೆ ಕರೆಸ್ತೀರಿ. ಅವನು ಬಿಟ್ಟು ಬಂದ ಜಾಗ ಖಾಲಿ, ಥ್ರೂ ಬಾಲ್ ಅಲ್ಲೇ ಬೀಳುತ್ತೆ. ಎಲ್2 ಹಿಡಿದು ಅಡ್ಡ ನಿಲ್ಲೋದನ್ನ ಕಲಿತ್ರೆ ಕೊನೇ ಐದು ನಿಮಿಷದ ಗೋಲು ಅರ್ಧಕ್ಕರ್ಧ ಕಮ್ಮಿ ಆಗುತ್ತೆ.

ರಘು: ಕೇಸ್ ವಾಪಸ್ ತಗೊಂಡ್ರೆ ಅನುಮಾನ ಹೋಗುತ್ತಾ? ಆದ್ರೂ ಆರ್1 ವಿಷಯ ಒಪ್ಪಿದೆ. ಅದು ಪೆಸ್‌ನಲ್ಲೂ ಹಾಗೇ, ಚೌಕದ ಬಟನ್ ಹಿಡಿದ್ರೆ ಡಿಫೆನ್ಸ್ ಚೆಲ್ಲಾಪಿಲ್ಲಿ.

ಕಿಶೋರ್: ಲೈಸೆನ್ಸ್ ಸಾಲನ್ನ ಎಲ್ಲರೂ ಹಾರಿಸಿದ್ರಲ್ಲ ಮಾರಾಯ್ರೆ. ಎಫ್‌ಸಿಗೆ ಕಣ್ಮುಚ್ಚಿ ಟಿಕ್ ಕೊಟ್ಟಿದ್ದಾರೆ. ಎಫ್‌ಸಿ 25ರಲ್ಲಿ ಇಟಲಿಯ ಇಂಟರ್ ಕ್ಲಬ್ ಉಂಟಾ? ಇಲ್ಲ, ಅದರ ಬದಲು ಲೊಂಬಾರ್ಡಿಯಾ ಎಫ್‌ಸಿ ಅಂತ ಸುಳ್ಳು ಹೆಸರು ಉಂಟು. ಎಸಿ ಮಿಲಾನ್‌ಗೆ ಮಿಲಾನೊ ಎಫ್‌ಸಿ, ಅಟಲಾಂಟಾಕ್ಕೆ ಬೆರ್ಗಾಮೊ ಕಾಲ್ಚೊ. ಫಿಫಾ 20ರಲ್ಲಿ ರೊನಾಲ್ಡೊ ಆಡಿದ್ದು ಪಿಯೆಮೊಂಟೆ ಕಾಲ್ಚೊ ಅಂಗಿಯಲ್ಲಿ, ಯಾಕಂದ್ರೆ ಯುವೆಂಟಸ್ ಹಕ್ಕು ಕೊನಾಮಿ ಹತ್ರ ಇತ್ತು. ಆಟಗಾರರ ಹೆಸರಿನ ಹಕ್ಕು ಬೇರೆ, ಕ್ಲಬ್ಬಿನ ಹೆಸರು, ಅಂಗಿ, ಲಾಂಛನದ ಹಕ್ಕು ಬೇರೆ. ಅದಕ್ಕೇ ಅಂಗಿ ಸುಳ್ಳು, ಮುಖ ನಿಜ.

ಶ್ವೇತಾ: ಆದ್ರೂ ಲೀಗುಗಳ ಸಂಖ್ಯೆಯಲ್ಲಿ ಎಫ್‌ಸಿ ಹತ್ರ ಯಾರೂ ಬರಲ್ಲ. ಫಿಫಾ 22ರಲ್ಲಿ ನಮ್ಮ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಬಂತು, ಬೆಂಗಳೂರು ಎಫ್‌ಸಿ ತಗೊಂಡು ಕರಿಯರ್ ಆಡೋ ಹಾಗಾಯ್ತು. ನಮ್ಮೂರ ತಂಡ ಆಟದಲ್ಲಿ ಕಾಣೋದು ಸಣ್ಣ ವಿಷಯ ಅಲ್ಲ.

ಕಿಶೋರ್: ಅದು ಖಂಡಿತ ದೊಡ್ಡದು. ನಾನು ಹೇಳುವುದು ಸರಿಪಡಿಸುವ ದಾರಿ ಬಗ್ಗೆ. ಎಫ್‌ಸಿಯಲ್ಲಿ, ಕನ್ಸೋಲ್‌ನಲ್ಲಿ, ಇರುವ ಕ್ಲಬ್ಬಿನ ಅಂಗಿ ಬದಲಿಸ್ಲಿಕ್ಕೆ ದಾರಿಯೇ ಇಲ್ಲ. ಪೆಸ್ 2021ರಲ್ಲಿ ಆಪ್ಷನ್ ಫೈಲ್ (ಅಭಿಮಾನಿಗಳು ಮಾಡಿದ ಅಸಲಿ ಹೆಸರು, ಅಂಗಿಗಳ ಫೈಲ್) ಹಾಕಿದ್ರೆ ಅರ್ಧ ಗಂಟೆಯಲ್ಲಿ ಎಲ್ಲ ಅಸಲಿ ಹೆಸರು.

ನವೀನ: ಅದನ್ನ ಹಾಕೋದು ಹೇಗೆ? ಸರಿಯಾಗಿ ಹೇಳೋ.

ಕಿಶೋರ್: ಪಿಎಸ್4ಗೆ (ಪ್ಲೇಸ್ಟೇಷನ್ 4 ಕನ್ಸೋಲ್) ಹೇಳ್ತೇನೆ. ಪೆನ್‌ಡ್ರೈವನ್ನ ಎಫ್‌ಎಟಿ32 ಅಥವಾ ಎಕ್ಸ್‌ಫ್ಯಾಟ್ ಮಾದರಿಗೆ ಫಾರ್ಮ್ಯಾಟ್ ಮಾಡ್ಬೇಕು. ಎನ್‌ಟಿಎಫ್‌ಎಸ್ ಇದ್ರೆ ಪಿಎಸ್4 ಅದನ್ನ ಕಾಣುವುದೇ ಇಲ್ಲ. ಇಳಿಸಿದ ಜಿಪ್ ಬಿಚ್ಚಿ, ‘ಡಬ್ಲ್ಯುಇಪಿಇಎಸ್’ ಹೆಸರಿನ ಫೋಲ್ಡರನ್ನ, ಇಂಗ್ಲಿಷ್ ದೊಡ್ಡಕ್ಷರದಲ್ಲಿ, ಡ್ರೈವಿನ ಮೇಲ್ಮಟ್ಟದಲ್ಲೇ ಇಡಿ. ಇನ್ನೊಂದು ಫೋಲ್ಡರಿನ ಒಳಗೆ ಸೇರಿಸಿದ್ರೆ ಪಟ್ಟಿ ಖಾಲಿ ಬರ್ತದೆ, ಹೆಚ್ಚಿನವರು ಎಡವುವುದು ಇಲ್ಲೇ. ಆಟದಲ್ಲಿ ಎಡಿಟ್, ಇಂಪೋರ್ಟ್–ಎಕ್ಸ್‌ಪೋರ್ಟ್, ಇಂಪೋರ್ಟ್ ಟೀಮ್. ಎಲ್ಲ ಫೈಲ್ ಆರಿಸಿದ ಮೇಲೆ ಎರಡು ಚೌಕ ಕಾಣ್ತದೆ. ಆಟಗಾರರ ಮಾಹಿತಿಯದ್ದಕ್ಕೆ ಟಿಕ್ ಕೊಡದಿದ್ರೆ ಅಂಗಿ ಮಾತ್ರ ಹೊಸದು, ಆಟಗಾರರು ಹಳೇ ಕ್ಲಬ್ಬಿನಲ್ಲೇ ಉಳೀತಾರೆ. ಅದೇ ಹೆಸರಿನ ಚಿತ್ರ ಬದಲಿಸುವುದಕ್ಕೂ ಟಿಕ್ ಬೇಕು, ಇಲ್ಲದಿದ್ರೆ ಹಳೇ ಲಾಂಛನ ಹೋಗುವುದಿಲ್ಲ. ಆಮೇಲೆ ಮಾಸ್ಟರ್ ಲೀಗ್ ಹೊಸದಾಗಿ ಶುರು ಮಾಡಿ, ನಡೀತಿರುವ ಸೇವ್‌ಗೆ ಹೊಸ ವರ್ಗಾವಣೆ ಹತ್ತುವುದಿಲ್ಲ. ಎಕ್ಸ್‌ಬಾಕ್ಸ್‌ನಲ್ಲಿ ಚಿತ್ರ ಇಂಪೋರ್ಟ್ ಇಲ್ಲ, ಅಲ್ಲಿ ಈ ಕೆಲಸ ಆಗುವುದಿಲ್ಲ.

ಶ್ವೇತಾ: ಅದೆಲ್ಲ ಸರಿ ಕಿಶೋರ್. ಆದ್ರೆ ಪೆಸ್ 2021 ಈಗ ಆನ್‌ಲೈನ್ ಅಂಗಡಿಯಲ್ಲಿ ಮಾರಾಟಕ್ಕೇ ಇಲ್ಲ. ಹೊಸಬರಿಗೆ ಅದನ್ನ ಆಡಿ ಅಂತ ಹೇಳೋದು ಎಷ್ಟು ಸರಿ?

ಕಿಶೋರ್: ಹಳೇ ಡಿಸ್ಕ್ ಹುಡುಕ್ಬೇಕು, ಬೇರೆ ದಾರಿ ಇಲ್ಲ. ಹಾಗೆ ನೋಡಿದ್ರೆ ಇಎ ಕೂಡ 2023ರ ಸೆಪ್ಟೆಂಬರ್‌ನಲ್ಲಿ ಹಳೇ ಫಿಫಾಗಳನ್ನ ಅಂಗಡಿಯಿಂದ ತೆಗೀತು. ಡಿಸ್ಕ್ ಇದ್ದವ ಉಳ್ಕೊಂಡ. ನನಗೆ ಇದರಲ್ಲಿ ನಿಜವಾಗಿ ಬೇಸರ ಉಂಟು. ದುಡ್ಡು ಕೊಟ್ಟು ಕೊಳ್ತೇನೆ ಅಂದ್ರೂ ಸಿಗದ ಹಾಗೆ ಮಾಡಬಾರದು.

ಬಸು: ಲ್ಯಾಪ್‌ಟಾಪ್‌ನ್ಯಾಗ ಆಡಾವ್ರಿಗೆ ಇನ್ನೊಂದು ಮಾತು. ಎಫ್‌ಸಿಗೆ 100 ಜಿಬಿ ಜಾಗ ಬೇಕು, ಪೆಸ್ 2021ಕ್ಕ 40 ಸಾಕು. ಲಿನಕ್ಸ್ ಇದ್ರ ಎಫ್‌ಸಿ ಆಸೆ ಬಿಡ್ರಿ, ಫಿಫಾ 23ರಿಂದ ಹಾಕಿರೋ, ಕಳ್ಳಾಟ ತಡೆಯೂ ಆ್ಯಂಟಿ-ಚೀಟ್ ವಿಂಡೋಸ್ ಬಿಟ್ಟು ಬ್ಯಾರೆ ಕಡೆ ನಡೆಯೂದಿಲ್ಲ. ಲಿನಕ್ಸ್ ಮ್ಯಾಲೆ ನಡೆಯೂ ಸ್ಟೀಮ್ ಡೆಕ್ ಅನ್ನೂ ಕೈಯಾಗ ಹಿಡಿಯೂ ಗೇಮ್ ಯಂತ್ರಕ್ಕೂ ಅದೇ ಗತಿ.

ನವೀನ: ಹಾಗಾದ್ರೆ ಈ ಚಿತ್ರದಲ್ಲಿ ಯಾವ ಟಿಕ್ ಉಳೀತು?

ರಘು: ಚೆಂಡಿನ ವಿಷಯದಲ್ಲಿ ನನ್ನ ಟಿಕ್ ಪೆಸ್‌ಗೇ. ಶ್ವೇತಾ ಹೇಳಿದ ಅಂಕಿಗಳನ್ನ ಹಾಕಿ ಹತ್ತು ಮ್ಯಾಚ್ ಆಡ್ತೀನಿ, ಆಮೇಲೆ ಮತ್ತೆ ಬರ್ತೀನಿ. ಪೆಸ್ ಆಡೋರೂ ಪಾಸ್ ಸಪೋರ್ಟ್ ಅನ್ನೋ ಸಹಾಯದ ಸೆಟ್ಟಿಂಗನ್ನ ಅತಿ ಕಮ್ಮಿ ಮಟ್ಟಕ್ಕೆ ಇಳಿಸಿ ಆಡಿ, ಇಲ್ಲಾಂದ್ರೆ ಅದೂ ಒಂದು ದಾರಾನೇ.

ಶ್ವೇತಾ: ಆಡೋಕೆ ಮುಂಚೆ ಟಿವಿಯಲ್ಲಿ ಗೇಮ್ ಮೋಡ್ ಹಾಕೋ. ಅದು ಆಫ್ ಇದ್ರೆ ಬಟನ್ ಒತ್ತಿದ್ದಕ್ಕೂ ಕಾಲು ಆಡೋದಕ್ಕೂ ನಡುವೆ ತಡ ಆಗುತ್ತೆ, ಆಮೇಲೆ ಆಟವೇ ಭಾರ ಅಂತ ಇಲ್ಲಿ ಬಂದು ಬರೀತೀಯ.