ಅಪ್‌ಡೇಟ್: ಕಾಶಿಯಲ್ಲಿ ಅಪ್ಪ-ಅಮ್ಮನಿಗೆ ಕಡಿಮೆ ಖರ್ಚಿನ ರೂಮು

ಕಾಶಿಗೆ ಅಪ್ಪ-ಅಮ್ಮನನ್ನು ಕರೆದುಕೊಂಡು ಹೋಗಬೇಕು, ವಿಶ್ವನಾಥ ದೇವಸ್ಥಾನದ ಹತ್ತಿರದ ಗೊದೌಲಿಯಾ ಸುತ್ತ ಹೋಟೆಲ್ ಬಾಡಿಗೆ ಕೈಗೆಟುಕುತ್ತಿಲ್ಲ, ಬೇರೆ ದಾರಿ ಇದೆಯಾ ಅಂತ ಕೇಳಿದ್ದೆನಲ್ಲ, ಹೋಗಿ ಬಂದೆವು.

ನಮ್ಮ ರೈಲು ತಲುಪಿದ್ದು ಅಪರಾತ್ರಿ. ಆ ಹೊತ್ತಲ್ಲಿ ಗಲ್ಲಿಗಳಲ್ಲಿ ಅಲೆಯೋದು ಬೇಡ ಅಂತ ವಾರಾಣಸಿ ಜಂಕ್ಷನ್‌ನ ರಿಟೈರಿಂಗ್ ರೂಮ್ (ರೈಲು ಪ್ರಯಾಣಿಕರಿಗೆ ಸ್ಟೇಷನ್ನಿನಲ್ಲೇ ಬಾಡಿಗೆಗೆ ಕೊಡುವ ರೂಮು) ಮೊದಲೇ ಆನ್‌ಲೈನ್‌ನಲ್ಲಿ ಬುಕ್ ಮಾಡಿದ್ದೆ. ಇದಕ್ಕೆ ಕನ್ಫರ್ಮ್ ಅಥವಾ ಆರ್‌ಎಸಿ ಟಿಕೆಟ್‌ನ ಪಿಎನ್‌ಆರ್ ಬೇಕೇ ಬೇಕು. ವೇಟಿಂಗ್ ಲಿಸ್ಟ್‌ನವರಿಗೆ ಕೊಡುವುದಿಲ್ಲ. ಅನೌನ್ಸ್‌ಮೆಂಟ್ ಗಲಾಟೆ ಇದ್ದೇ ಇರುತ್ತೆ, ಅಪ್ಪ ಮಾತ್ರ ಗೊರಕೆ ಹೊಡೆದರು.

ಬೆಳಗ್ಗೆ ಜಂಗಮವಾಡಿ ಮಠಕ್ಕೆ ಹೋದೆವು, ಯಾತ್ರಿಕರಿಗೆ ಉಳಿಯಲು ರೂಮು ಕೊಡುವ ವೀರಶೈವ ಮಠ ಅದು. ನಿಮ್ಮಲ್ಲಿ ಹಲವರು ಹೇಳಿದ್ದು ಇದನ್ನೇ. ಆಫೀಸಿನಲ್ಲಿ ಕನ್ನಡದಲ್ಲೇ ಮಾತಾಡಿಸಿದರು. ಹಿಂದಿ ಬಾರದ ಅಮ್ಮನಿಗೆ ಅರ್ಧ ಭಯ ಅಲ್ಲೇ ಹೋಯಿತು. ಆಧಾರ್ ತೋರಿಸಿ, ರಿಜಿಸ್ಟರ್‌ನಲ್ಲಿ ಹೆಸರು ಬರೆದು ಕೀಲಿ ತೆಗೆದುಕೊಂಡೆವು. ಮಂಚ, ಫ್ಯಾನು, ಬಕೆಟ್ಟು, ಅಷ್ಟೇ. ಹೋಟೆಲ್ ಸೌಕರ್ಯ ಬೇಕೆನ್ನುವವರಿಗೆ ಇದು ಸುಮ್ನೆ ಕಿರಿಕಿರಿ. ನಮಗೆ ಧಾರಾಳವಾಗಿ ಸಾಕಾಯಿತು. ಅಂಗಳದ ಸುತ್ತ ಸಾಲುಸಾಲಾಗಿ ಕೂರಿಸಿರುವ ಸಾವಿರಾರು ಶಿವಲಿಂಗಗಳ ಮುಂದೆ ಅಮ್ಮ ಬಹಳ ಹೊತ್ತು ನಿಂತರು. ತೀರಿಹೋದವರ ನೆನಪಿಗೆ ಭಕ್ತರು ಇಟ್ಟವು ಅವು.

ದಶಾಶ್ವಮೇಧ ಘಾಟ್‌ಗೆ ನಡೆದೇ ಹೋಗಬಹುದು. ಮಂಡಿನೋವಿದ್ದರೆ ಮಾತ್ರ ಕೆಳಗಿನ ರೂಮು ಕೇಳಿ. ಶಿವರಾತ್ರಿ, ಶ್ರಾವಣದಲ್ಲಿ ಹೋಗುವವರು ಮೊದಲೇ ಫೋನ್ ಮಾಡಿ ವಿಚಾರಿಸಿ, ಆಗ ಜನ ಜಾಸ್ತಿ.