‘ದಟ್ಟಣೆ’ಯೋ, ‘ಸಾಂದ್ರತೆ’ಯೋ, ‘ಒತ್ತೋ’? ಒಂದು ಮನವಿಯ ಅನುವಾದದಲ್ಲಿ ಸಿಕ್ಕ ತೊಡಕು

ಎಲ್ಲರಿಗೂ ನಮಸ್ಕಾರ.

ಒಂದು ಪದದ ಹತ್ತಿರ ಸಿಕ್ಕಿಹಾಕಿಕೊಂಡು ಕೂತಿದ್ದೇನೆ. ಬಲ್ಲವರು ಕೈ ಹಿಡಿದು ಎಬ್ಬಿಸಬೇಕು.

ದಕ್ಷಿಣ ಬೆಂಗಳೂರಿನ ನಮ್ಮ ಬಡಾವಣೆಯಲ್ಲಿ ಹಳೇ ಮನೆಗಳನ್ನು ಒಡೆದು ಐದು ಅಂತಸ್ತು ಎಬ್ಬಿಸುವುದು ಜೋರಾಗಿ ನಡೆದಿದೆ. ಅದರ ಮೇಲೆ ಈಗ ಪ್ರೀಮಿಯಂ ಎಫ್‌ಎಆರ್ (ಎಫ್‌ಎಆರ್ ಅನ್ನುವುದು ಸೈಟಿನ ಅಳತೆಯ ಎಷ್ಟು ಪಟ್ಟು ಕಟ್ಟಬಹುದು ಅನ್ನುವ ಲೆಕ್ಕ) ಮಾತು ಬೇರೆ. ಅಂದರೆ ದುಡ್ಡು ಕಟ್ಟಿದರೆ ಮಾಮೂಲಿಗಿಂತ ಜಾಸ್ತಿ ಕಟ್ಟಬಹುದು. ನಿವಾಸಿಗಳ ಸಂಘದವರು ಇದಕ್ಕೊಂದು ಆಕ್ಷೇಪಣೆ ಬರೆದಿದ್ದಾರೆ, ಇಂಗ್ಲಿಷಿನಲ್ಲಿ. ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂತು. ಎರಡು ಪುಟದಲ್ಲಿ ‘ಡೆನ್ಸಿಟಿ’ ಅನ್ನುವ ಮಾತು 11 ಸಲ ಇದೆ. ಮೊದಲ ಕರಡಿನಲ್ಲಿ ಕಣ್ಣು ಮುಚ್ಚಿ ಹನ್ನೊಂದೂ ಕಡೆ ‘ಸಾಂದ್ರತೆ’ ಅಂತ ಹಾಕಿದೆ.

ಭಾನುವಾರದ ಸಭೆಯಲ್ಲಿ ಓದಿದೆ. “ಅಧಿಕ ಸಾಂದ್ರತೆಯ ಅಭಿವೃದ್ಧಿಯಿಂದ...” ಅನ್ನುವಷ್ಟರಲ್ಲಿ ಹಿಂದಿನ ಸಾಲಿನ ಹಿರಿಯರೊಬ್ಬರು ಕೈ ಎತ್ತಿದರು. “ಸಾಂದ್ರತೆ ಅಂದ್ರೆ ಹಾಲಿಗೆ ನೋಡ್ತಾರಲ್ಲ, ಅದಾ?”

ಎಲ್ಲರೂ ನಕ್ಕರು. ಆದರೆ ಅವರು ತಮಾಷೆಗೆ ಕೇಳಿದ್ದಲ್ಲ. ಊರಿನಲ್ಲಿ ಡೇರಿ ಕಾರ್ಯದರ್ಶಿ ಆಗಿದ್ದವರು. ವರ್ಷಗಟ್ಟಲೆ ಬೆಳಗ್ಗೆ ಎದ್ದು ಹಾಲಿಗೆ ಲ್ಯಾಕ್ಟೋಮೀಟರ್ ಬಿಟ್ಟು ಡಿಗ್ರಿ ನೋಡಿದವರು. ಅವರಿಗೆ ಸಾಂದ್ರತೆ ಅಂದರೆ ನೀರು ಬೆರೆಸಿಲ್ಲ ಅನ್ನುವುದಕ್ಕೆ ಗುರುತು. ಜಾಸ್ತಿ ಇದ್ದಷ್ಟೂ ಒಳ್ಳೇದು! ನಮ್ಮ ಮನವಿ ಅದನ್ನೇ ಬೇಡ ಅನ್ನುತ್ತಿದೆ.

ಪಕ್ಕದವರು “ದಟ್ಟಣೆ ಅಂತ ಹಾಕಿ, ಎಲ್ಲರಿಗೂ ಗೊತ್ತಾಗುತ್ತೆ” ಅಂದರು. ಗೊತ್ತಾಗುತ್ತದೆ, ನಿಜ. ತೊಂದರೆ ಇರುವುದೇ ಅಲ್ಲಿ. ದಟ್ಟಣೆ ಅಂದ ಕೂಡಲೇ ಸಿಲ್ಕ್ ಬೋರ್ಡ್ ಜಂಕ್ಷನ್ ಕಣ್ಣ ಮುಂದೆ ಬರುತ್ತದೆ. ಸಂಚಾರ ದಟ್ಟಣೆ, ಬಸ್ ನಿಲ್ದಾಣದ ಜನದಟ್ಟಣೆ. ಪದದ ಒಳಗೇ ಗೊಣಗಾಟ ಇದೆ. ಬರೀ ‘ದಟ್ಟ’ ಹಾಗಲ್ಲ ನೋಡಿ. ದಟ್ಟ ಕಾಡು, ದಟ್ಟ ಮೋಡ, ಮದುವಣಗಿತ್ತಿಯ ದಟ್ಟ ಕೂದಲು, ಎಲ್ಲವೂ ಹೊಗಳಿಕೆಯೇ. ಬಾಲಕ್ಕೆ ‘ಣೆ’ ಅಂಟಿಸಿದರೆ ಸಾಕು, ಹಾರ್ನ್ ಕೇಳಿಸಲು ಶುರುವಾಗುತ್ತದೆ.

ಅದರಿಂದ ಏನಾಯಿತು ಅಂತ ಹೇಳುತ್ತೇನೆ. ಸಭೆಯಲ್ಲಿ ಬಾಡಿಗೆ ಮನೆಯ ಹುಡುಗನೊಬ್ಬ ಎದ್ದು ನಿಂತು ನಮ್ಮ ಮನವಿಯನ್ನೇ ಪ್ರಶ್ನೆ ಮಾಡಿದ. ಮೆಟ್ರೊ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರದಲ್ಲಿ ಜಾಸ್ತಿ ಜನ ಇದ್ದರೆ ತಪ್ಪೇನು ಅಂದ. ಇಲ್ಲಿ ಜಾಗ ಇಲ್ಲ ಅಂತ ಕಳಿಸಿದರೆ ಆನೇಕಲ್ಲು, ಹೊಸಕೋಟೆ, ನೆಲಮಂಗಲದ ಹೊಲಗಳು ಲೇಔಟ್ ಆಗುತ್ತವೆ, ಅಲ್ಲಿಂದ ಎಲ್ಲರೂ ಗಾಡಿ ಹತ್ತಿಕೊಂಡು ಇಲ್ಲಿಗೇ ಬರುತ್ತಾರೆ ಅಂದ. “ಡೆನ್ಸಿಟಿ ಒಳ್ಳೇದು ಸಾರ್” ಅನ್ನುವುದು ಅವನ ಮಾತಿನ ತಿರುಳು. ಇದನ್ನು ಕನ್ನಡದಲ್ಲಿ ನಡಾವಳಿ ಪುಸ್ತಕಕ್ಕೆ ಬರೆಯಬೇಕಲ್ಲ? “ದಟ್ಟಣೆ ಒಳ್ಳೆಯದು ಎಂದು ಒಬ್ಬರು ಅಭಿಪ್ರಾಯಪಟ್ಟರು.” ಓದಿದವರು ಇವನಿಗೆ ತಲೆ ಕೆಟ್ಟಿದೆ ಅಂತಾರೆ, ಅಲ್ವಾ? ನಾನು ಅವನ ಕಡೆಯವನಲ್ಲ. ಆದರೆ ಎದುರಿನವನು ಬಾಯಿ ಬಿಡುವ ಮೊದಲೇ ಪದವೇ ಅವನನ್ನು ಸೋಲಿಸಿದರೆ ಅದು ವಾದ ಅಲ್ಲ.

ಹಾಗಾದರೆ ಯಾವ ಪದ? ಮೊದಲು ಆ ಇಂಗ್ಲಿಷ್ ಮಾತು ನಮ್ಮ ಮನವಿಯಲ್ಲಿ ಏನೇನು ಹೇಳುತ್ತಿದೆ ಅಂತ ನೋಡಿದೆ. ಅದು ಒಂದು ಅರ್ಥದಲ್ಲಿಲ್ಲ, ಮೂರು ಅರ್ಥದಲ್ಲಿದೆ.

ನಮ್ಮ ರಸ್ತೆಯನ್ನೇ ತೆಗೆದುಕೊಳ್ಳಿ. ಎಲ್ಲವೂ ಫಾರ್ಟಿ-ಸಿಕ್ಸ್ಟಿ ಸೈಟು, 2,400 ಚದರ ಅಡಿ. ಎಫ್‌ಎಆರ್ 1.75 ಅಂತ ಇಟ್ಟುಕೊಳ್ಳಿ. ಎಲ್ಲ ಮಹಡಿಗಳನ್ನೂ ಸೇರಿಸಿ 4,200 ಚದರ ಅಡಿ ಕಟ್ಟಬಹುದು. ಮೇಸ್ತ್ರಿ ಲೆಕ್ಕದಲ್ಲಿ 42 ಚದರ. (ಬೆಂಗಳೂರು, ಮೈಸೂರು ಕಡೆ ಬರೀ ‘ಚದರ’ ಅಂದರೆ ನೂರು ಚದರ ಅಡಿ. ‘ಹತ್ತು ಚದರದ ಮನೆ’ ಅಂದರೆ ಹತ್ತು ಅಡಿಯ ಮನೆ ಅಂದುಕೊಂಡು ಒಬ್ಬ ಗೆಳೆಯ ಬೆಚ್ಚಿಬಿದ್ದಿದ್ದ.) ನಮ್ಮ ಎದುರು ಮನೆಯಲ್ಲಿ ಅಣ್ಣತಮ್ಮಂದಿರು ಅಷ್ಟರಲ್ಲೇ ಎರಡು ಸಂಸಾರ ಇಟ್ಟಿದ್ದಾರೆ. ಒಟ್ಟು ಎಂಟು ಜನ. ಅದರ ಪಕ್ಕದ್ದು ಅಷ್ಟೇ ಚದರದ್ದು, ಆದರೆ ಪಿಜಿ, ಹಾಸ್ಟೆಲ್ ಥರದ ಬಾಡಿಗೆ ಮನೆ. 24 ಕೋಣೆ, ಕೋಣೆಗೆ ಇಬ್ಬರಂತೆ 48 ಜನ. ಮೂಲೆಯಲ್ಲಿ ಹೊಸದಾಗಿ ಏಳುತ್ತಿರುವುದು ಇವೆರಡಕ್ಕಿಂತಲೂ ದೊಡ್ಡದು, 70 ಚದರ ದಾಟುತ್ತದೆ. ಅದರಲ್ಲಿ ಮಹಡಿಗೊಂದೇ ಫ್ಲಾಟು. ನಾಲ್ಕು ಸಂಸಾರ, ಹೆಚ್ಚೆಂದರೆ 15 ಜನ.

ಈಗ ಹೇಳಿ, ಯಾವುದು ‘ಸಾಂದ್ರ’? ಕಟ್ಟಡ ನೋಡಿದರೆ ಮೂಲೆಯದ್ದು. ತಲೆ ಎಣಿಸಿದರೆ ಪಿಜಿ. ರಸ್ತೆಯಲ್ಲಿ ಕಾರು ನಿಲ್ಲಲು ಜಾಗ ಸಿಗದೆ ಬೈದಾಡುವುದು ಯಾರಿಂದ ಅಂದರೆ ಮತ್ತೆ ಮೂಲೆಯವರಿಂದಲೇ. ಮನೆಗೆ ಎರಡೆರಡು ಕಾರು. ಪಿಜಿ ಹುಡುಗಿಯರು ನಡೆದುಕೊಂಡು ಮೆಟ್ರೊಗೆ ಹೋಗುತ್ತಾರೆ. ಆದರೆ ಬೆಳಗ್ಗೆ ಏಳರಿಂದ ಒಂಬತ್ತರ ನೀರು ನೋಡಿದರೆ ಮತ್ತೆ ಪಿಜಿಯೇ ಮುಂದೆ. ಮಳವಳ್ಳಿ ಕಡೆಯ ಟಿ.ಕೆ. ಹಳ್ಳಿಯಿಂದ ಸುಮಾರು 100 ಕಿ.ಮೀ. ಏರು ಹತ್ತಿಸಿ ತಂದ ಕಾವೇರಿ ನೀರು ನಮ್ಮ ರಸ್ತೆಗೆ ದಿನ ಬಿಟ್ಟು ದಿನ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಕೈಕೊಟ್ಟಾಗ ಮೊದಲು ಟ್ಯಾಂಕರ್ ಬಂದದ್ದು ಅವರ ಗೇಟಿಗೆ. ನಮ್ಮ ಒಳಚರಂಡಿ ಕೊಳವೆ ಹಾಕಿದ್ದು ಸೈಟಿಗೊಂದು ಮನೆ ಅಂತ ಲೆಕ್ಕ ಹಾಕಿ. ಅದಕ್ಕೆ ಎಷ್ಟು ಚದರ ಅನ್ನುವುದು ಮುಖ್ಯ ಅಲ್ಲ, ಎಷ್ಟು ಜನ ಅನ್ನುವುದೇ ಮುಖ್ಯ.

ಆದ್ದರಿಂದ ತಲೆ ಎಣಿಕೆಗೆ ಒಂದು ಪದ, ಕಟ್ಟಡಕ್ಕೆ ಇನ್ನೊಂದು, ಕಷ್ಟಕ್ಕೆ ಮತ್ತೊಂದು ಬೇಕು.

ತಲೆ ಎಣಿಕೆಗೆ ‘ಜನಸಾಂದ್ರತೆ’ ಇರಲಿ ಅನ್ನಿಸುತ್ತದೆ. ಶಾಲೆಯ ಭೂಗೋಳದಲ್ಲಿ ಎಲ್ಲರೂ ಓದಿದ್ದೇವೆ. 2011ರ ಜನಗಣತಿಯಲ್ಲಿ ಕರ್ನಾಟಕದ್ದು ಚದರ ಕಿ.ಮೀ.ಗೆ 319, ಬೆಂಗಳೂರು ನಗರ ಜಿಲ್ಲೆಯದ್ದು ಸುಮಾರು 4,400. ‘ಜನ’ ಮುಂದೆ ಇದ್ದರೆ ಹಾಲಿನ ಗೊಂದಲ ಇರುವುದಿಲ್ಲ.

ಕಷ್ಟಕ್ಕೆ ಪದಗಳ ಬರ ಇಲ್ಲ. ದಟ್ಟಣೆ ಇದೆ, ಇಕ್ಕಟ್ಟು ಇದೆ, ಕಿಕ್ಕಿರಿಯುವುದು ಇದೆ. ನನಗೆ ಇಷ್ಟವಾದದ್ದು ನಮ್ಮ ಅತ್ತೆಯವರ ಮಾತು. ಹೊಸ ಕಟ್ಟಡದ ಫ್ಲಾಟ್ ನೋಡಿ ಬಂದು “ಥೂ, ಕಿಷ್ಕಿಂಧೆ” ಅಂದರು. ಸುಗ್ರೀವನ ರಾಜಧಾನಿ ನಮ್ಮ ಬಾಯಲ್ಲಿ ಹೇಗೆ ಅಲ್ಲಾಡಲು ಜಾಗ ಇಲ್ಲದ ಕೋಣೆ ಆಯಿತೋ! ಕೋತಿಗಳು ಗುಂಪುಗೂಡಿದ್ದ ಜಾಗ ಅಂತ ಇರಬಹುದು. ಮನವಿಯಲ್ಲಿ ಹಾಕಲು ಆಗುವುದಿಲ್ಲ, ಆಸೆ ಮಾತ್ರ ಇದೆ.

ಉಳಿದದ್ದು ಕಟ್ಟಡ. ಇಲ್ಲಿ ನನಗೆ ‘ಒತ್ತು’ ಹೊಳೆಯಿತು. ನಮ್ಮ ಕಡೆ ರಾಗಿ ಪೈರು ಹತ್ತಿರ ಹತ್ತಿರ ಬಂದಿದ್ದರೆ “ಒತ್ತಾಗಿದೆ” ಅಂತಾರೆ. ಕುಂಟೆ ಹೊಡೆದು ತೆಳು ಮಾಡುತ್ತಾರೆ. ತೀರಾ ಒತ್ತಾದರೆ ತೆನೆ ಕಟ್ಟುವುದಿಲ್ಲ, ತೀರಾ ತೆಳುವಾದರೆ ಹೊಲ ದಂಡ, ಕಳೆ ಬೆಳೆಯುತ್ತದೆ. ಅಂದರೆ ಒತ್ತು ಒಳ್ಳೇದೂ ಅಲ್ಲ, ಕೆಟ್ಟದ್ದೂ ಅಲ್ಲ, ಎಷ್ಟು ಅನ್ನುವುದರ ಮೇಲೆ ನಿಂತಿದೆ. ನನಗೆ ಬೇಕಿದ್ದದ್ದೂ ಅದೇ. ‘ಒತ್ತು ಕಟ್ಟಡ’, ‘ಕಟ್ಟಡದ ಒತ್ತು’ ಅಂತ ಬರೆದು ನೋಡಿದೆ. ಸಂಘದ ಕಾರ್ಯದರ್ಶಿ ಎರಡು ತಕರಾರು ತೆಗೆದರು. ಒಂದು, ‘ಒತ್ತು ಕೊಡಬೇಕು’ ಅನ್ನುವಾಗ ಬರುವ ಒತ್ತು. ಇನ್ನೊಂದು ಜಾಸ್ತಿ ತೂಕದ್ದು. ಬೆಂಗಳೂರಿನಲ್ಲಿ ಒತ್ತು ಅಂದರೆ ಕಿವಿಗೆ ಬೀಳುವುದು ಒತ್ತುವರಿ. ರಾಜಕಾಲುವೆ ಒತ್ತುವರಿ, ಕೆರೆ ಒತ್ತುವರಿ. “ಕಾನೂನು ಪ್ರಕಾರ ಕಟ್ಟಿದವನನ್ನೂ ಕಳ್ಳ ಅಂದ ಹಾಗಾಗುತ್ತೆ” ಅಂದರು. ನನಗೆ ಉತ್ತರ ಹೊಳೆಯಲಿಲ್ಲ.

‘ಎತ್ತರದ ಕಟ್ಟಡ’ ಅಂತ ತೇಲಿಸಿಬಿಡಬಹುದಿತ್ತು. ಅದು ತಪ್ಪು. ಬಳೇಪೇಟೆ, ನಗರ್ತಪೇಟೆ, ಅಕ್ಕಿಪೇಟೆಯ ಸಂದಿಗಳಲ್ಲಿ ಎರಡು ಮೂರು ಮಹಡಿಯ ಹಳೇ ಕಟ್ಟಡಗಳೇ ಗೋಡೆಗೆ ಗೋಡೆ ತಾಗಿಸಿ ನಿಂತಿವೆ. ಊರಾಚೆ 20 ಮಹಡಿ ಗೋಪುರಗಳ ಸುತ್ತ ಹುಲ್ಲುಹಾಸು. ಎತ್ತರ ಬೇರೆ, ಒತ್ತು ಬೇರೆ.

ಇನ್ನು ‘ನೇಬರ್‌ಹುಡ್’. ಇದೂ ಕಾಡಿತು. ‘ನೆರೆಹೊರೆ’ ಅಂತ ಹಾಕಿದರೆ ಜಾಗ ಹೋಗಿ ಜನ ಉಳಿಯುತ್ತಾರೆ. ನೆರೆಹೊರೆ ಅಂದರೆ ಪಕ್ಕದ ಮನೆಯವರು, ಸಕ್ಕರೆ ಸಾಲ ಕೊಡುವವರು. ಮಳೆಗಾಲದಲ್ಲಿ ‘ನಮ್ಮ ನೆರೆ’ ಅಂತ ಬರೆದರೆ ಬೇರೆಯೇ ಅರ್ಥ! ‘ಕೇರಿ’ ಚೆಂದದ ಹಳೇ ಪದ, ಆದರೆ ಇಲ್ಲಿ ಅದರ ಮೈಗೆ ಜಾತಿ ಮೆತ್ತಿಕೊಂಡಿದೆ. ಧಾರವಾಡದವರು ಓಣಿ ಅಂತಾರೆ, ಮೈಸೂರಿನವರು ಮೊಹಲ್ಲಾ. ಕೊನೆಗೆ ‘ಬಡಾವಣೆ’ಯೇ ಗತಿ. ಬೆಳೆಸಿದ್ದು, ಹಿಗ್ಗಿಸಿದ್ದು ಅಂತ ಅದರ ಅರ್ಥ, ಹಳಬರು ‘ಎಕ್ಸ್‌ಟೆನ್ಷನ್’ ಅಂತಾರಲ್ಲ, ಅದೇ. 1898ರಲ್ಲಿ ಪ್ಲೇಗು ಬಂದು ಪೇಟೆಯಲ್ಲಿ ಜನ ಸತ್ತಾಗ ಉಳಿದವರು ಮಲ್ಲೇಶ್ವರ, ಬಸವನಗುಡಿ ಕಡೆ ಹೋದರು. ಅಗಲ ರಸ್ತೆ, ಮನೆ ಮನೆ ನಡುವೆ ಗಾಳಿ, ಮಲ್ಲೇಶ್ವರದಲ್ಲಿ ಮನೆ ಹಿಂದೆ ಕಕ್ಕಸು ತೆಗೆಯುವವರು ಓಡಾಡಲು ಬಿಟ್ಟ ಕನ್ಸರ್ವೆನ್ಸಿ ಓಣಿ. ಒತ್ತಿಗೆ ಹೆದರಿ ಹುಟ್ಟಿದ ಜಾಗಗಳು ಇವು. ಅಲ್ಲಿನವರು ಇವತ್ತು ಐದು ಅಂತಸ್ತು ನೋಡಿ ಬೆಚ್ಚಿದರೆ ಅದರಲ್ಲಿ ಬರೀ ಪಾರ್ಕಿಂಗ್ ಸಿಟ್ಟು ಮಾತ್ರ ಇಲ್ಲ.

ಅದೇ ಊರಿನಲ್ಲಿ ‘ವಠಾರ’ವೂ ಇತ್ತು. ನಾನು ಹತ್ತು ವರ್ಷದವರೆಗೆ ಬೆಳೆದದ್ದು ಅಂಥದ್ದರಲ್ಲೇ. ನಡುವೆ ಅಂಗಳ, ಸುತ್ತ 12 ಮನೆ, ಒಂದೇ ನಲ್ಲಿ, ಎರಡು ಕಕ್ಕಸು. ಬೆಳಗ್ಗೆ ನಲ್ಲಿ ಮುಂದೆ ಬಿಂದಿಗೆಗಳ ಸಾಲು, ನಮ್ಮದಕ್ಕೆ ಅಮ್ಮ ಕೆಂಪು ದಾರ ಕಟ್ಟಿರುತ್ತಿದ್ದಳು. ಜನಸಾಂದ್ರತೆಯಲ್ಲಿ ಈಗಿನ ಪಿಜಿಗೆ ಏನೂ ಕಡಿಮೆ ಇರಲಿಲ್ಲ. ಆದರೂ ‘ವಠಾರ’ ಅನ್ನುವ ಪದದಲ್ಲಿ ಹಾರ್ನ್ ಇಲ್ಲ. ಜಗಳ ಇದೆ, ಹುಳಿಯ ಘಮ ಇದೆ. ದಕ್ಷಿಣ ಕನ್ನಡದ ಗೆಳೆಯರಿಗೆ ಇದು ವಿಚಿತ್ರ ಅನ್ನಿಸಬಹುದು. ಅವರಿಗೆ ‘ಶಾಲಾ ವಠಾರ’, ‘ದೇವಸ್ಥಾನದ ವಠಾರ’ ಅಂದರೆ ಆವರಣ ಅಷ್ಟೇ. ಒಂದೇ ಪದ ಘಾಟಿ ಇಳಿದರೆ ಬಯಲಾಗುತ್ತದೆ, ಹತ್ತಿದರೆ ಇಕ್ಕಟ್ಟಾಗುತ್ತದೆ.

‘ತುಂಬಿದ ಮನೆ’, ‘ತುಂಬು ಸಂಸಾರ’ ಅನ್ನುವಾಗ ಜನ ಜಾಸ್ತಿ ಇರುವುದೇ ಸೊಗಸು. ಹುಡುಗನ ವಾದಕ್ಕೆ ಈ ಪದ ಕೊಡಬಹುದಾ ಅಂತ ಯೋಚನೆ ಬಂತು. “ತುಂಬು ಬಡಾವಣೆ ಒಳ್ಳೆಯದು.” ಈಗ ಅವನು ಜಾಸ್ತಿ ಗೆದ್ದ ಹಾಗೆ ಕಾಣುತ್ತದೆ.

‘ಅಭಿವೃದ್ಧಿ’ಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದನ್ನು ಪೂರ್ತಿ ತೆಗೆದು ‘ಕಟ್ಟುವುದು’ ಅಂತ ಮಾಡಿದ್ದೇನೆ. ಮನೆ ಒಡೆದು ಕಟ್ಟುವುದನ್ನು ಅಭಿವೃದ್ಧಿ ಅಂದು, ಅದೇ ವಾಕ್ಯದಲ್ಲಿ ಬೇಡ ಅಂದರೆ ನಾವೇ ಪ್ರಗತಿ ವಿರೋಧಿಗಳ ಹಾಗೆ ಕಾಣುತ್ತೇವೆ. ಅಂದಹಾಗೆ, ಬಿಲ್ಡರಿಗೆ ಸೈಟು ಕೊಟ್ಟು ಅರ್ಧ ಫ್ಲಾಟು ತೆಗೆದುಕೊಳ್ಳುವುದಕ್ಕೆ ಎಲ್ಲರೂ ‘ಡೆವಲಪ್‌ಮೆಂಟಿಗೆ ಕೊಟ್ಟಿದಾರೆ’ ಅಂತಾರೆ. ಮೂಲೆ ಮನೆ ಅಜ್ಜಿ ಮಾತ್ರ “ಮನೇನ ವಾರಕ್ಕೆ ಕೊಟ್ವಿ” ಅಂದರು. ಹೊಲ ಪಾಲಿಗೆ ಕೊಡುವಾಗ ಹೇಳುವ ಮಾತು. ಇದಕ್ಕಿಂತ ಒಳ್ಳೇ ಅನುವಾದ ನಾನು ಎಲ್ಲೂ ಕಂಡಿಲ್ಲ.

ನನ್ನ ಪ್ರಶ್ನೆಗಳಿಗೆ ಬರುತ್ತೇನೆ. ಕಟ್ಟಡದ ವಿಷಯಕ್ಕೆ ‘ಒತ್ತು’ ನಿಲ್ಲುತ್ತದಾ, ಅಥವಾ ಒತ್ತುವರಿಯ ನೆರಳು ಜಾಸ್ತಿಯಾಯಿತಾ? ನಿಮ್ಮ ಊರಿನ ಕಡೆ ಮನೆಗಳು ಹತ್ತಿರ ಹತ್ತಿರ ಇರುವುದಕ್ಕೆ, ಬೈಗುಳವೂ ಹೊಗಳಿಕೆಯೂ ಅಲ್ಲದ ಮಾತು ಏನಿದೆ? ಹುಬ್ಬಳ್ಳಿ, ಬೆಳಗಾವಿ ಕಡೆಯವರು ‘ಚಾಳ’ ಅಂದಾಗ ಅದರಲ್ಲಿ ಅಸಡ್ಡೆ ಇದೆಯಾ, ಸುಮ್ನೆ ಸಾಲುಮನೆ ಅಂತಲಾ? ಎಫ್‌ಎಆರ್ ಅನ್ನು ಹಾಗೇ ಬಿಟ್ಟಿದ್ದೇನೆ. ‘ನೆಲ ವಿಸ್ತೀರ್ಣ ಅನುಪಾತ’ ಅಂದರೆ ಜನ ನೆಲದ ಮೇಲಿನ ಜಾಗ ಅಂದುಕೊಳ್ಳುತ್ತಾರೆ, ಮೇಲಿನ ಮಹಡಿಗಳನ್ನು ಮರೆಯುತ್ತಾರೆ.

ಕೊನೆಯದು ಸೆಟ್‌ಬ್ಯಾಕ್. ಯಾರೋ ಹಳೇ ಕರಡಿನಲ್ಲಿ ‘ಹಿನ್ನಡೆ’ ಅಂತ ಬರೆದಿದ್ದರು. “ಕಟ್ಟಡದ ಎರಡೂ ಬದಿಗೆ ಹಿನ್ನಡೆ ಆಗಬೇಕು” ಅಂತ ಓದಿ ಅರ್ಧ ಗಂಟೆ ನಕ್ಕೆವು. ಹೊಡೆದು ಹಾಕಿ ‘ಗೋಡೆಗೂ ಕಾಂಪೌಂಡಿಗೂ ನಡುವೆ ಬಿಡಬೇಕಾದ ಸಂದು’ ಅಂತ ಮಾಡಿದ್ದೇನೆ. ಶುಕ್ರವಾರ ಸಲ್ಲಿಸಬೇಕು. ಕಚೇರಿ ಕಾಗದದಲ್ಲಿ ‘ಸಂದು’ ನಡೆಯುತ್ತದಾ?